‘ಇನ್ನೊಂದೇ ವರ್ಷ ತಾನೇ’ ಅನ್ನೋ ಲೆಕ್ಕ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹೋದ ವಾರ ಇದೇ ಪತ್ರಗಳ ಪುಟದಲ್ಲಿ ನಿವೃತ್ತ ಪ್ರಿನ್ಸಿಪಾಲರೊಬ್ಬರು ಬರೆದಿದ್ರು, ಮೂರು ವರ್ಷ ಇಂಜಿನಿಯರಿಂಗ್ ಓದಿ ಕೊನೇ ವರ್ಷದ ಹೊಸ್ತಿಲಲ್ಲಿ ಬಿಟ್ಟು ಹೋಗೋ ಹುಡುಗ್ರು ಬೇರೆಯವರ ಸೀಟು ಹಾಳುಮಾಡ್ತಾರೆ, ಇದಕ್ಕೆಲ್ಲ ತಂದೆತಾಯಿ ಕೊಡೋ ಸಲುಗೇನೇ ಕಾರಣ ಅಂತ. ಅಂಗಡೀಲಿ ಟೀ ಕುಡೀತಾ ಓದಿದೆ, ಮಡಚಿಟ್ಟೆ, ಮಧ್ಯಾಹ್ನ ಊಟ ಆದ್ಮೇಲೆ ಮತ್ತೆ ತೆಗೆದು ಓದಿದೆ. ಆ ಸಲುಗೆ ಕೊಟ್ಟ ತಂದೆ ನಾನೇ ಸಾರ್. ಹಂಗಾಗಿ ಉತ್ತರ ಬರೀಬೇಕು ಅನ್ನಿಸ್ತು. ಉದ್ದ ಆದ್ರೆ ಕತ್ತರಿಸಿಕೊಳ್ಳಿ, ಆದ್ರೆ ಟಿಸಿ ವಿಷಯ ಬರೆದಿರೋದನ್ನ ಮಾತ್ರ ದಯವಿಟ್ಟು ಬಿಡಬೇಡಿ.

ನಾನು ತಿಪಟೂರು ಕಡೆಯೋನು, ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟು ಇಪ್ಪತ್ತೆಂಟು ವರ್ಷ ಆಯ್ತು. ನಾನು ಓದಿರೋದು ಐಟಿಐ ಎಲೆಕ್ಟ್ರಿಷಿಯನ್. ಸುತ್ತ ತೆಂಗಿನ ತೋಟ, ತೋಟಕ್ಕೊಂದು ಬೋರು, ಬೋರಿಗೊಂದು ಸಬ್‌ಮರ್ಸಿಬಲ್ಲು, ಬೇಸಿಗೆ ಬಂತು ಅಂದ್ರೆ ವೋಲ್ಟೇಜ್ ಬೀಳತ್ತೆ, ನೀರು ಕೆಳಗಿಳಿಯತ್ತೆ, ಮೋಟಾರ್ ಸುಡತ್ತೆ, ನಮ್ಮ ಮನೇಲಿ ಒಲೆ ಉರಿಯತ್ತೆ. ಹೇಳೋಕೆ ಬೇಜಾರು, ಆದ್ರೆ ಬದುಕು ಹಂಗೇ. ಕರೆಂಟಿನ ಕೆಲಸ ಮಾಡೋನ ಮಗ ಕರೆಂಟಿನ ಇಂಜಿನಿಯರ್ ಆಗ್ಬೇಕು ಅನ್ನೋದು ನನ್ನ ಆಸೆ. 2020ರಲ್ಲಿ ಸಿಇಟಿ ಬರೆದ, ರ್‍ಯಾಂಕು ಅಷ್ಟಕ್ಕಷ್ಟೆ. ಕಾಲೇಜು, ಬ್ರಾಂಚು ಆರಿಸೋ ಆಪ್ಷನ್ ಎಂಟ್ರಿ ದಿನ ಸೈಬರ್ ಸೆಂಟರಲ್ಲಿ ಅವನ ಪಕ್ಕ ಸ್ಟೂಲ್ ಹಾಕ್ಕೊಂಡು ಕೂತು ಮೇಲಿಂದ ಕೆಳಗಿನ ತನಕ ಬರೀ ಇಇಇ, ಅಂದ್ರೆ ಎಲೆಕ್ಟ್ರಿಕಲ್ ಅಂಡ್ ಎಲೆಕ್ಟ್ರಾನಿಕ್ಸ್, ಹಾಕ್ಸಿದ್ದು ನಾನೇ. ಅವನು ಒಂದ್ಸಲ ‘ಅಪ್ಪ, ಬಿಎಸ್ಸಿ ಬಗ್ಗೆ...’ ಅಂದ. ನಾನು ‘ಮೊದ್ಲು ಇದನ್ನ ಮುಗ್ಸು, ಹಿಂದೆ ಜನ ಕಾಯ್ತಿದಾರೆ’ ಅಂದೆ. ಸೈಬರ್ ಸೆಂಟರಲ್ಲಿ ಹಿಂದೆ ಜನ ಕಾಯ್ತಿದ್ದಿದ್ದು ನಿಜ. ಅವತ್ತು ಅಷ್ಟಕ್ಕೇ ಆ ಮಾತು ಮುಗೀತು, ಮೂರು ವರ್ಷ ಆದ್ಮೇಲೆ ಮತ್ತೆ ಶುರುವಾಯ್ತು.

ಬೆಂಗಳೂರಲ್ಲಿ ಒಂದು ಪ್ರೈವೇಟ್ ಕಾಲೇಜಲ್ಲಿ ಸೀಟು ಸಿಕ್ತು. ಶುರುವಲ್ಲಿ ಬಹುಪಾಲು ಕ್ಲಾಸು ಮೊಬೈಲಲ್ಲೇ, ಮನೆ ಮಹಡಿ ಮೇಲೆ ಸಿಗ್ನಲ್ ಸಿಗೋ ಮೂಲೇಲಿ ಕೂತು ಕೇಳಿದ. ಆಮೇಲೆ ಬೆಂಗಳೂರಲ್ಲಿ ಪಿಜಿ ರೂಮು. ಎಂ3, ಎಂ4 ಅಂತ ಮೂರನೇ, ನಾಲ್ಕನೇ ಸೆಮ್ಮಿನ ಗಣಿತ, ಎರಡೂ ಫೇಲಾಗಿ ಉಳೀತು. ಮುಂದೆ ಇನ್ನೂ ಐದು ಸೇರಿಕೊಂಡ್ವು. ನಮಗೆ ಗೊತ್ತಾಗಿದ್ದು ಮಾತ್ರ ಎರಡು. ಮನೆಗೆ ಬಂದಾಗ ಅವರಮ್ಮ ‘ಹೆಂಗಿದೆ ಓದು’ ಅಂದ್ರೆ ‘ಆಗ್ತಿದೆ’ ಅಂತಿದ್ದ. ಆ ಒಂದು ಮಾತಲ್ಲಿ ಮೂರು ವರ್ಷ ಕಳೆದ ನೋಡಿ, ಆಗ್ತಿದೆ ಅಂತ.

2023ರ ಆಷಾಢದಲ್ಲಿ ಬಂದೋನು ವಾಪಸ್ ಹೋಗಲಿಲ್ಲ. ನಾಲ್ಕನೇ ದಿನ ಅಂಗಡಿಗೆ ಬಂದು, ನಾನು ಮೋಟಾರಿನ ಸ್ಟೇಟರಲ್ಲಿ ವೈರು ಎಳೀತಾ ಇದ್ದೆ, ಎದುರಿಗೆ ಕೂತು ಹೇಳಿದ, ಆರನೇ ಸೆಮ್ಮಿಗೆ ಅಟೆಂಡೆನ್ಸ್ ಇಲ್ಲ, ಡಿಟೇನ್ ಮಾಡ್ತಾರೆ, ಪರೀಕ್ಷೆಗೆ ಕೂರಿಸಲ್ಲ, ಫೇಲಾದ ಪೇಪರು ಏಳು ಬ್ಯಾಕ್ ಉಳಿದಿದೆ, ನಾನು ಇದನ್ನ ಬಿಟ್ಟು ಮೊದಲಿಂದ ಬಿಎಸ್ಸಿ ಸೇರ್ತೀನಿ, ಜಿಯಾಲಜಿ, ಕಲ್ಲು ಭೂಮಿ ಬಗ್ಗೆ ಓದೋದು ಅಂತ. ನಾನು ಕೈಯಲ್ಲಿದ್ದ ವೈರು ಬಿಡಲಿಲ್ಲ, ಅರ್ಧಕ್ಕೆ ಬಿಟ್ರೆ ಸುತ್ತಿನ ಲೆಕ್ಕ ತಪ್ಪತ್ತೆ. ಸುತ್ತು ಮುಗಿಸಿ, ಕಾಯಿಲ್ ಕಟ್ಟಿ, ಕೈ ಒರೆಸಿಕೊಂಡು ಹೇಳಿದ ಮೊದಲ ಮಾತು ಎಲ್ಲಾ ಅಪ್ಪಂದಿರು ಹೇಳೋದೇ. ‘ಇನ್ನೊಂದೇ ವರ್ಷ ತಾನೇ, ಮುಗಿಸಿಬಿಡು.’

ಆ ಮಾತು ಮುಂದಿನ ಇಪ್ಪತ್ತು ದಿನ ನಮ್ಮ ಮನೆಗೆ ಬಂದೋರೆಲ್ಲ ಹೇಳಿದ್ರು. ನನ್ನ ಭಾವ ಹೇಳಿದ, ಕೈಗೆ ಬಂದ ತುತ್ತು ಬಾಯಿಗೆ ಬರದಂಗೆ ಮಾಡ್ಕೋಬೇಡ ಅಂತ. ಪಕ್ಕದ ಗೊಬ್ಬರದಂಗಡಿಯೋರು, ಮದುವೆಯಲ್ಲಿ ಸಿಕ್ಕ ದೊಡ್ಡಪ್ಪನ ಮಗ, ಹಾಲು ಹಾಕೋ ಹೆಂಗಸು ಕೂಡ. ಡಿಗ್ರಿ ಒಂದು ಕೈಗೆ ಬರ್ಲಿ ಆಮೇಲೆ ಏನಾದ್ರೂ ಮಾಡ್ಕೊ. ಕೇಳೋಕೆ ಎಷ್ಟು ನ್ಯಾಯವಾಗಿದೆ ಅಲ್ವಾ ಈ ಮಾತು?

ಒಂದು ರಾತ್ರಿ ಮಗ ವೈಂಡಿಂಗ್ ವೈರಿನ ಬಿಲ್ಲು ತಗೊಂಡು ಅದರ ಹಿಂದೆ ಲೆಕ್ಕ ಬರೆದು ತೋರಿಸಿದ. ಆರನೇ ಸೆಮ್ ಮತ್ತೆ ಕೂರಬೇಕು, ಅದು ಬರೋದು ವರ್ಷಕ್ಕೊಂದ್ಸಲ, ಅಲ್ಲಿಗೆ ಒಂದು ವರ್ಷ. ಅಷ್ಟರಲ್ಲಿ ಬ್ಯಾಕ್ ಇಳಿಸಿಕೊಳ್ಳಬೇಕು, ನಾಲ್ಕಕ್ಕಿಂತ ಹೆಚ್ಚು ಉಳಿದ್ರೆ ಫೈನಲ್ ಇಯರಿಗೆ ಬಿಡಲ್ಲ. ಆಮೇಲೆ ಏಳು ಎಂಟು ಸೆಮ್, ಇನ್ನೊಂದು ವರ್ಷ. ಎಲ್ಲಾ ಒಂದೇ ಏಟಿಗೆ ಪಾಸಾದ್ರೆ ಎರಡು ವರ್ಷ, ಒಂದೆರಡು ಉಳಿದ್ರೆ ಮೂರು. ಬಿಎಸ್ಸಿ ಮೊದಲಿಂದ ಓದಿದ್ರೂ ಮೂರೇ ವರ್ಷ. ನಮ್ಮ ಇಂಜಿನಿಯರಿಂಗ್ ಯೂನಿವರ್ಸಿಟಿ ವಿಟಿಯುದಲ್ಲಿ ಬಿಇ ಮುಗಿಸೋಕೆ ಒಟ್ಟು ಎಂಟು ವರ್ಷ ಅವಕಾಶ ಇದೆ ಅಂತೆ, ‘ನನ್ನ ಸೀನಿಯರ್ ಒಬ್ಬರು ಏಳನೇ ವರ್ಷದಲ್ಲಿದಾರೆ ಅಪ್ಪ, ಅವರ ಮನೇಲೂ ಇನ್ನೊಂದೇ ವರ್ಷ ಅಂತಾನೇ ಹೇಳ್ತಿರೋದು’ ಅಂದ.

ಪ್ರಿನ್ಸಿಪಾಲರೇ, ನಾನು ಕೇಳೋದು ಇಷ್ಟೇ, ಈ ಲೆಕ್ಕವನ್ನ ಕಾಲೇಜಿನೋರು ಯಾರಾದ್ರೂ ನಮ್ಮನ್ನ ಕರೆಸಿ ಕೂರಿಸಿ ಹೇಳಿದ್ರಾ? ಫೀಸಿನ ಮೆಸೇಜು ಮಾತ್ರ ತಪ್ಪದೆ ನನ್ನ ಮೊಬೈಲಿಗೆ ಬರ್ತಿತ್ತು. ಬ್ಯಾಕ್ ಎಷ್ಟಿದೆ ಅಂತ ಒಂದು ಮೆಸೇಜು ಬರಲಿಲ್ಲ. ನೀವು ಸಲುಗೆ ಅಂತೀರಿ, ನಾನಾದ್ರೆ ಲೆಕ್ಕ ಗೊತ್ತಿಲ್ಲದೆ ದುಡ್ಡು ಕಟ್ಟಿದ್ದನ್ನೇ ಸಲುಗೆ ಅಂತೀನಿ.

ನನ್ನ ಕಸುಬಿನ ಒಂದು ಮಾತು ಹೇಳ್ತೀನಿ. ಸುಟ್ಟ ಮೋಟಾರ್ ತಂದ ಗಿರಾಕಿ ಯಾವಾಗ್ಲೂ ಕೇಳೋದು, ‘ಅಣ್ಣ, ಒಂದ್ ಫೇಸ್ ಕಾಯಿಲ್ ತಾನೇ ಹೋಗಿರೋದು, ಅದೊಂದೇ ಹಾಕ್ಕೊಡಿ, ಮಿಕ್ಕಿದ್ದು ಚೆನ್ನಾಗೇ ಇದೆ.’ ನಾನು ಒಪ್ಪಲ್ಲ. ಒಂದು ಕಡೆ ಸುಟ್ಟಿದೆ ಅಂದ್ರೆ ಆ ಶಾಖಕ್ಕೆ ಪಕ್ಕದ ವೈರಿನ ಇನ್ಸುಲೇಷನ್ನೂ ಮೆತ್ತಗಾಗಿರತ್ತೆ, ನೋಡೋಕೆ ಕಾಣಲ್ಲ ಅಷ್ಟೆ. ಅದೊಂದೇ ಹಾಕಿ ಬೋರಿಗೆ ಇಳಿಸಿದ್ರೆ ಒಂದು ಬೇಸಿಗೆ ಬರಲ್ಲ, ಮತ್ತೆ ಎತ್ತೋ ಖರ್ಚು, ಇಳಿಸೋ ಖರ್ಚು, ಆಳಿನ ಕೂಲಿ. ಎಲ್ಲಾ ಕಿತ್ತು ಹೊಸದಾಗಿ ಸುತ್ತೋದೇ ಕೊನೆಗೆ ಅಗ್ಗ. ದಿನಾ ಗಿರಾಕಿಗಳಿಗೆ ಈ ಮಾತು ಹೇಳೋ ನಾನು ಮಗನ ವಿಷಯದಲ್ಲಿ ‘ಅದೊಂದೇ ಹಾಕ್ಕೊಡಿ’ ಅನ್ನೋ ಗಿರಾಕಿ ಆಗಿದ್ದೆ. ಇದು ನನಗೆ ಹೊಳೆದಿದ್ದು ಆ ಬಿಲ್ಲಿನ ಹಿಂದಿನ ಲೆಕ್ಕ ನೋಡಿದ ಮೇಲೆ, ಅದೂ ಎರಡು ದಿನ ಬಿಟ್ಟು. ತಕ್ಷಣ ಒಪ್ಪಿಬಿಟ್ಟೆ ಅಂತ ದೊಡ್ಡತನ ತೋರಿಸ್ಕೊಳ್ಳಲ್ಲ, ಎರಡು ದಿನ ಅವನ ಹತ್ರ ಮಾತೂ ಆಡಿರಲಿಲ್ಲ.

ಈಗ ಟಿಸಿ ವಿಷಯಕ್ಕೆ ಬರ್ತೀನಿ. ಬಿಡೋದು ಅಂತ ತೀರ್ಮಾನ ಮಾಡೋದು ಮನೆ ಒಳಗಿನ ಜಗಳ, ಬಿಡಿಸಿಕೊಂಡು ಬರೋದು ಬೇರೆ ಜಗಳ. ಡಿಗ್ರಿ ಕಾಲೇಜಿಗೆ ಸೇರ್ಬೇಕು ಅಂದ್ರೆ ಟಿಸಿ ಬೇಕು, ಪಿಯುಸಿ ಒರಿಜಿನಲ್ ಮಾರ್ಕ್ಸ್ ಕಾರ್ಡು ಬೇಕು, ಎರಡೂ ಇಂಜಿನಿಯರಿಂಗ್ ಕಾಲೇಜಿನ ಬೀರುವಲ್ಲಿ. ಹೋಗಿ ಕೇಳಿದ್ರೆ ಕೌಂಟರಲ್ಲಿದ್ದೋರು ತಲೆ ಎತ್ತದೆ ಹೇಳಿದ್ರು, ನಾಲ್ಕನೇ ವರ್ಷದ ಫೀಸು ಕಟ್ಟಿ ತಗೊಂಡೋಗಿ ಅಂತ. ಓದದೇ ಇರೋ ವರ್ಷದ ಫೀಸು! ನಾನು ಯಾಕೆ ಅಂದೆ. ‘ನಿಮ್ಮ ಹುಡುಗ ಬಿಟ್ರೆ ಆ ಸೀಟು ಖಾಲಿ ಬೀಳತ್ತೆ, ನಮಗೆ ಲಾಸ್’ ಅಂದ್ರು. ತಿಪಟೂರಿಂದ ಬೆಳಗ್ಗಿನ ರೈಲಿಗೆ ಹೋಗಿದ್ದೆ, ಅಂಗಡಿ ಬಾಗಿಲು ಹಾಕ್ಕೊಂಡು. ಸಂಜೆ ಬರಿಗೈಯಲ್ಲಿ ವಾಪಸ್ ಬಂದೆ. ಎರಡನೇ ಸಲ ಹೋದಾಗ ಕೌಂಟರಿನ ಮೇಡಂ ರಜ. ಮೂರನೇ ಸಲ ಬಾಕಿ ಏನೂ ಇಲ್ಲ ಅಂತ ಸೈನ್ ಹಾಕ್ಸೋ ನೋ ಡ್ಯೂಸ್ ಫಾರ್ಮ್ ಕೊಟ್ರು, ಲೈಬ್ರರಿ, ಲ್ಯಾಬು, ಸ್ಪೋರ್ಟ್ಸು, ಇನ್ನೂ ಎಂಥದೋ, ಒಂದೊಂದು ಸೈನಿಗೆ ಒಂದೊಂದು ಮಹಡಿ. ಮಗ ಒಂದು ದಿನಾನೂ ಕಾಲಿಡದ ಸ್ಪೋರ್ಟ್ಸ್ ರೂಮಿನೋರ ಸೈನಿಗೆ ಒಂದೂವರೆ ಗಂಟೆ ಬೆಂಚಲ್ಲಿ ಕೂತಿದ್ವಿ.

ನಮ್ಮ ಗಿರಾಕಿ ಒಬ್ಬರು ಲಾಯರು, ಅವರ ತೋಟದ ಮೋಟಾರ್ ರಿಪೇರಿಗೆ ಬಂದಿತ್ತು, ಮಾತಿಗೆ ಮಾತು ಬಂದು ಹೇಳಿಕೊಂಡೆ. ಅವರು ಹೇಳಿದ್ದನ್ನ ಇಲ್ಲಿ ಬರೀತೀನಿ, ನನ್ನಂಥ ಬೇರೆ ಅಪ್ಪಂದಿರಿಗೆ ಉಪಯೋಗ ಆಗ್ಬಹುದು. 2003ರಲ್ಲಿ ಸುಪ್ರೀಂ ಕೋರ್ಟಿನ ಐದು ಜನ ಜಡ್ಜುಗಳ ಪೀಠ, ಇಸ್ಲಾಮಿಕ್ ಅಕಾಡೆಮಿ ಮತ್ತು ಕರ್ನಾಟಕ ಸರ್ಕಾರದ ಕೇಸು ಅದು, ನಮ್ಮ ರಾಜ್ಯದ್ದೇ, ಅದರಲ್ಲಿ ಹೇಳಿದೆ, ಕಾಲೇಜು ಒಂದು ಸಲಕ್ಕೆ ಒಂದು ಸೆಮ್ಮಿನ ಅಥವಾ ಒಂದು ವರ್ಷದ ಫೀಸು ಮಾತ್ರ ತಗೋಬೇಕು ಅಂತ. ಆದ್ರೆ ಅದೇ ತೀರ್ಪಲ್ಲಿ ಇನ್ನೊಂದು ಮಾತೂ ಇದೆ, ಹುಡುಗ ಮಧ್ಯ ಬಿಟ್ಟು ಹೋಗ್ತಾನೆ ಅನ್ನಿಸಿದ್ರೆ ಉಳಿದ ಫೀಸಿಗೆ ಬಾಂಡೋ ಬ್ಯಾಂಕ್ ಗ್ಯಾರಂಟಿನೋ ಬರೆಸಿಕೊಳ್ಳಬಹುದು, ಹೆಚ್ಚಂದ್ರೆ ಅಷ್ಟೇ ಅಂತ. ಲಾಯರು ಕೇಳಿದ್ರು, ‘ನೀವು ಬಾಂಡ್ ಬರ್ಕೊಟ್ಟಿದೀರಾ?’ ನನಗೆ ಬೆವರು ಬಂತು. ಅಡ್ಮಿಷನ್ ದಿನ ಒಂದು ಕಂತೆ ಪೇಪರಿಗೆ ಸೈನ್ ಹಾಕಿದ್ದೆ, ಯಾವುದು ಏನು ಅಂತ ನೋಡಿರಲಿಲ್ಲ. ಮೋಟಾರಿಗೆ ಗ್ಯಾರಂಟಿ ಕಾರ್ಡ್ ಬರ್ಕೊಡುವಾಗ ನಾಲ್ಕು ಸಲ ಓದೋ ಮನುಷ್ಯ ನಾನು.

ಆಮೇಲೆ ಅವರೇ ಹೇಳಿದ್ರು, ಬಾಂಡ್ ಇದ್ರೂ ಅದು ಬೇರೆ ವ್ಯವಹಾರ, ಅದನ್ನ ಕೇಳೋ ದಾರಿ ಬೇರೆ, ಒರಿಜಿನಲ್ ಸರ್ಟಿಫಿಕೇಟ್ ಅಡವು ಇಟ್ಕೊಳ್ಳೋ ಹಾಗಿಲ್ಲ ಅಂತ. 2018ರ ಅಕ್ಟೋಬರಲ್ಲಿ ಯೂನಿವರ್ಸಿಟಿಗಳನ್ನ ನೋಡ್ಕೊಳ್ಳೋ ಕೇಂದ್ರದ ಯುಜಿಸಿ ಒಂದು ನೋಟಿಫಿಕೇಷನ್ ಹೊರಡಿಸಿದೆ, ಫೀಸು ವಾಪಸ್ಸು ಮತ್ತು ಒರಿಜಿನಲ್ ದಾಖಲೆ ಇಟ್ಕೊಳ್ಳಬಾರದು ಅನ್ನೋ ವಿಷಯಕ್ಕೇ. ಒರಿಜಿನಲ್ ನೋಡಿ ತಾಳೆ ಮಾಡಿ ಅಲ್ಲೇ ವಾಪಸ್ ಕೊಡ್ಬೇಕು, ಜೆರಾಕ್ಸ್ ಮಾತ್ರ ಇಟ್ಕೋಬೇಕು. ಅಡ್ಮಿಷನ್ ಆದ ಹೊಸತರಲ್ಲಿ ಬಿಟ್ರೆ ಎಷ್ಟು ದಿನಕ್ಕೆ ಎಷ್ಟು ವಾಪಸ್ ಅಂತಾನೂ ಅದರಲ್ಲಿದೆ, ಅಡ್ಮಿಷನ್ ಕೊನೇ ದಿನಕ್ಕೆ ಹದಿನೈದು ದಿನ ಮುಂಚೆ ಬಿಟ್ರೆ ಹೆಚ್ಚೂಕಮ್ಮಿ ಪೂರ್ತಿ, ಕೊನೇ ದಿನ ಕಳೆದು ಮೂವತ್ತು ದಿನ ದಾಟಿದ್ರೆ ಏನೂ ಇಲ್ಲ. ನಮ್ಮದು ಮೂರು ವರ್ಷ ದಾಟಿತ್ತು, ಫೀಸು ವಾಪಸ್ ಮಾತೇ ಇಲ್ಲ, ನಾನು ಕೇಳಲೂ ಇಲ್ಲ. ಓದಿದಾನೆ, ಕಟ್ಟಿದೀವಿ, ಸರಿಹೋಯ್ತು. ಓದದೇ ಇರೋದಕ್ಕೆ ಕಟ್ಟಲ್ಲ ಅಂದೆ ಅಷ್ಟೆ.

ನಾಲ್ಕನೇ ಸಲ ಹೋದಾಗ ಮಗ ಆ ನೋಟಿಫಿಕೇಷನ್ ಪ್ರಿಂಟು ತೆಗೆದು, ಜೊತೆಗೊಂದು ಅರ್ಜಿ ಬರೆದು, ಅದು ಕಾಲೇಜಿಗೆ ತಲುಪಿತು ಅನ್ನೋದಕ್ಕೆ ಇನ್‌ವರ್ಡ್ ಸೀಲ್ ಹಾಕ್ಸಿಕೊಂಡ. ಆ ಸೀಲು ಬಿದ್ದ ಮೇಲೆ ಮಾತಿನ ಧಾಟಿ ಬದಲಾಯ್ತು ಸಾರ್. ಒಳಗೆ ಕರೆದ್ರು, ಕುರ್ಚಿ ಕೊಟ್ರು, ಆ ವರ್ಷದ ಬಾಕಿ ಒಂದು ಸಣ್ಣ ಮೊತ್ತ ಇತ್ತು ಅದನ್ನ ಕಟ್ಟಿದ್ವಿ, ಹನ್ನೊಂದು ದಿನಕ್ಕೆ ಟಿಸಿ ಬಂತು. ಅದರಲ್ಲಿ ಕೋರ್ಸ್ ಡಿಸ್ಕಂಟಿನ್ಯೂಡ್ ಅಂತ ಬರೆದಿದ್ರು. ಬಸ್ಸಲ್ಲಿ ಅವನು ಅದನ್ನ ಎರಡು ಸಲ ತೆಗೆದು ನೋಡಿ ಫೈಲಲ್ಲಿಟ್ಟ. ನಾನು ಕಿಟಕಿ ಕಡೆ ನೋಡ್ತಾ ಕೂತೆ.

ಇನ್ನು ಆ ಮೂರು ವರ್ಷದ ಓದಿನ ಕಥೆ. ಪಾಸಾದ ಪ್ರತಿ ಪೇಪರಿಗೆ ಇಷ್ಟು ಅಂತ ಕ್ರೆಡಿಟ್ ಕೊಡ್ತಾರೆ, ಅವನ ಬ್ಯಾಚಿನ ಸಿಲಬಸ್ಸಲ್ಲಿ ಬಿಇಗೆ ಒಟ್ಟು 175 ಕ್ರೆಡಿಟ್ಟು. ಇವನು ಪಾಸಾಗಿದ್ದು 89. ಹೆಚ್ಚೂಕಮ್ಮಿ ಅರ್ಧ. ಗಣಿತ, ಫಿಸಿಕ್ಸ್, ಕೆಮಿಸ್ಟ್ರಿ ಮೊದಲ ವರ್ಷದ್ದು ಎಲ್ಲಾ ಪಾಸು. ಸರ್ಕಾರ ಹೇಳತ್ತೆ, ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಇದೆ, 2021ರಲ್ಲಿ ಯುಜಿಸಿ ತಂದಿದ್ದು, ಒಂದು ಕಡೆ ಓದಿದ್ದನ್ನ ಇನ್ನೊಂದು ಕಡೆ ಬಳಸ್ಕೋಬಹುದು, ಏಳು ವರ್ಷದ ತನಕ ಇಟ್ಕೋಬಹುದು ಅಂತ. ಮಗನ ಹತ್ರ ಡಿಜಿಲಾಕರಲ್ಲಿ ಹನ್ನೆರಡು ಅಂಕಿಯ ನಂಬರೂ ಇದೆ. ತಗೊಂಡು ಡಿಗ್ರಿ ಕಾಲೇಜಿಗೆ ಹೋದ್ರೆ ಆಫೀಸಿನೋರು ಒಳ್ಳೆಯವರು, ಪಾಪ ಕೂರಿಸಿ ಮಾತಾಡಿಸಿದ್ರು, ಆದ್ರೆ ‘ಇಂಜಿನಿಯರಿಂಗ್ ಫಿಸಿಕ್ಸ್ ಬೇರೆ, ನಮ್ಮ ಬಿಎಸ್ಸಿ ಫಿಸಿಕ್ಸ್ ಬೇರೆ, ಇದನ್ನ ಯಾವ ಕಾಲಂನಲ್ಲಿ ಹಾಕೋದು ಅಂತ ನಮಗೆ ಆರ್ಡರೇ ಬಂದಿಲ್ಲ’ ಅಂದ್ರು. ಅಕೌಂಟ್ ಇದೆ, ಬ್ಯಾಲೆನ್ಸ್ ಇದೆ, ಡ್ರಾ ಮಾಡೋ ಕೌಂಟರ್ ಮಾತ್ರ ಇಲ್ಲ. ನನ್ನ ಅಂಗಡೀಲಿ ಸುಟ್ಟ ಮೋಟಾರಿಂದ ಕಿತ್ತ ತಾಮ್ರ ಮೂಟೆ ಕಟ್ಟಿಟ್ರೆ ಗುಜರಿಯೋನು ಬಂದು ಕೆಜಿಗೆ ಇಷ್ಟು ಅಂತ ತೂಕ ಹಾಕಿ ದುಡ್ಡು ಕೊಟ್ಟು ಹೋಗ್ತಾನೆ. ನನ್ನ ಮಗನ 89 ಕ್ರೆಡಿಟ್ಟಿಗೆ ಯಾರೂ ತಕ್ಕಡೀನೇ ಎತ್ತಲಿಲ್ಲ.

ಅದರ ಮೇಲೆ ಇವನು ಸೇರಿದ ಹೊತ್ತು ಎಂಥದು ನೋಡಿ. 2021ರಲ್ಲಿ ದೇಶದಲ್ಲೇ ಮೊದಲು ಅಂತ ನಮ್ಮ ರಾಜ್ಯ ಕೇಂದ್ರದ ಹೊಸ ಶಿಕ್ಷಣ ನೀತಿ ಎನ್‌ಇಪಿ ತಂತು, ಒಂದು ವರ್ಷ ಓದಿ ಬಿಟ್ರೆ ಸರ್ಟಿಫಿಕೇಟು, ಎರಡು ವರ್ಷಕ್ಕೆ ಡಿಪ್ಲೊಮಾ, ಮೂರಕ್ಕೆ ಡಿಗ್ರಿ, ನಾಲ್ಕಕ್ಕೆ ಆನರ್ಸು. ಸರ್ಕಾರ ಬದಲಾಯ್ತು, ಪ್ರೊಫೆಸರ್ ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ (ಎಸ್‌ಇಪಿ) ಆಯೋಗ ಆಯ್ತು, 2024ರಲ್ಲಿ ಮತ್ತೆ ಹಳೇ ಮೂರು ವರ್ಷದ ಪದ್ಧತಿಗೆ ಬಂದ್ವಿ. ನನ್ನ ಮಗಂದು ಎನ್‌ಇಪಿ ಬ್ಯಾಚು, ಅವನ ಜೂನಿಯರ್ಸು ಎಸ್‌ಇಪಿ ಬ್ಯಾಚು, ಇಬ್ಬರಿಗೂ ಅವೇ ಮೇಷ್ಟ್ರು. ಯಾವ ಪಕ್ಷದ್ದು ಸರಿ ಅಂತ ಹೇಳೋವಷ್ಟು ನಾನು ಓದಿಲ್ಲ. ಆದ್ರೆ ಮಧ್ಯದಲ್ಲಿ ಬಿಟ್ಟೋರಿಗೆ ಓದಿದಷ್ಟಕ್ಕೆ ಒಂದು ಕಾಗದ ಕೊಡೋ ಆ ಒಂದು ಮಾತನ್ನ ಯಾರು ತಂದಿದ್ರೂ ಉಳಿಸ್ಕೋಬೇಕಿತ್ತು. ಇಂಜಿನಿಯರಿಂಗ್‌ನಲ್ಲಂತೂ ಬೇಕೇ ಬೇಕು. ಅಲ್ಲಿ ಬ್ರಾಂಚ್ ಬದಲಾಯಿಸೋಕೆ ಅವಕಾಶ ಇರೋದು ಮೊದಲ ವರ್ಷ ಆದ್ಮೇಲೆ, ಅದೂ ಖಾಲಿ ಸೀಟು ಇದ್ರೆ, ಮಾರ್ಕ್ಸ್ ಮೇಲೆ. ಮಾರ್ಕ್ಸ್ ಇದ್ದೋನಿಗೆ ಅದು ಬೇಕಾಗಲ್ಲ, ಬೇಕಾದೋನ ಹತ್ರ ಮಾರ್ಕ್ಸ್ ಇರಲ್ಲ.

ಸಣ್ಣಪುಟ್ಟ ಕಷ್ಟ ಬೇರೆ. ಪಿಯುಸಿ ಆಗಿ ಮೂರು ವರ್ಷ ಎಲ್ಲಿದ್ದೆ ಅಂತ ಛಾಪಾ ಕಾಗದದಲ್ಲಿ ಅಫಿಡವಿಟ್ ಬರೆಸಿ ನೋಟರಿ ಮಾಡ್ಸಿ ಕೊಟ್ವಿ. ಸ್ಕಾಲರ್‌ಶಿಪ್ಪಿಗೆ ಸರ್ಕಾರದ ಎಸ್‌ಎಸ್‌ಪಿ ವೆಬ್‌ಸೈಟಲ್ಲಿ ಹಾಕೋಕೆ ಹೋದ್ರೆ ಅವನ ಹೆಸರಿನ ಮುಂದೆ ಇನ್ನೂ ಬಿಇ ಅಂತಾನೇ ಬರ್ತಿತ್ತು, ಮೊದಲ ವರ್ಷ ಏನೂ ಬರಲಿಲ್ಲ. ಮನೇಲಿ ಅವರಮ್ಮ ಒಂದು ವರ್ಷ ಯಾರ ಮನೆ ಮದುವೆಗೂ ಹೋಗಲಿಲ್ಲ. ಮಗ ಈಗ ಯಾವ ಇಯರ್ರು ಅಂತ ಕೇಳ್ತಾರಲ್ಲ, ಫಸ್ಟ್ ಇಯರ್ ಅಂದ್ರೆ, ಹೋದ್ವರ್ಷ ಥರ್ಡ್ ಇಯರ್ ಅಂದಿದ್ರಿ ಅಂತಾರೆ. ಆ ನಗು ಅವಳಿಗೆ ತಡೆಯೋಕೆ ಆಗ್ತಿರಲಿಲ್ಲ.

ಕ್ಲಾಸಲ್ಲಿ ಎಲ್ಲರೂ ಇವನನ್ನ ಅಣ್ಣ ಅಂತಾರೆ. ಹದಿನೆಂಟರ ಹುಡುಗ್ರ ಮಧ್ಯ ಇಪ್ಪತ್ತೊಂದರೋನು, ಗಡ್ಡ ಬೇರೆ. ಒಬ್ಬ ಹುಡುಗನಿಗೆ ಅಟೆಂಡೆನ್ಸ್ ಕಮ್ಮಿ ಆಗಿ ಮನೆಯಿಂದ ದೊಡ್ಡೋರನ್ನ ಕರ್ಕೊಂಡು ಬಾ ಅಂದ್ರಂತೆ, ಆ ಹುಡುಗ ಬಂದು ‘ಅಣ್ಣ, ನೀವೇ ನಮ್ಮಣ್ಣ ಅಂತ ಬಂದ್ಬಿಡಿ’ ಅಂದನಂತೆ. ಇವನು ಹೋಗಲಿಲ್ಲ, ಆದ್ರೆ ಅಟೆಂಡೆನ್ಸ್ ಶಾರ್ಟೇಜ್ ಆದ್ರೆ ಏನಾಗತ್ತೆ ಅಂತ ಅವನಿಗೆ ಒಂದು ಗಂಟೆ ಹೇಳಿದನಂತೆ. ಅದನ್ನ ಹೇಳೋಕೆ ಇವನಿಗಿಂತ ಲಾಯಕ್ಕಾದೋನು ಆ ಕಾಲೇಜಲ್ಲಿ ಇನ್ಯಾರು ಇದ್ರು.

ಜಿಯಾಲಜೀನೇ ಯಾಕೆ ಅಂತ ನೀವು ಕೇಳ್ಬಹುದು, ನಾನೂ ಕೇಳಿದ್ದೆ. ಹೈಸ್ಕೂಲಲ್ಲಿದ್ದಾಗಿಂದ ನನ್ನ ಜೊತೆ ಮೋಟಾರ್ ಎತ್ತೋಕೆ ತೋಟಕ್ಕೆ ಬರ್ತಿದ್ದ, ಹಗ್ಗ ಹಿಡಿಯೋನು. ಪೈಪು ಎಷ್ಟು ಇಳಿಸಿದೀವಿ ಅಂತ ನಾನು ಒಂದು ನೋಟ್‌ಬುಕ್ಕಲ್ಲಿ ಬರೆದಿಡ್ತೀನಿ, ಯಾರ ತೋಟ, ಎಷ್ಟು ಅಡಿ, ಎಷ್ಟು ಎಚ್‌ಪಿ ಅಂತ. ಇವನು ಆ ನೋಟ್‌ಬುಕ್ ತಗೊಂಡು ಹಿಂದಿಂದ ಮುಂದಕ್ಕೆ ಓದಿ, ಇದೇ ತೋಟ ಮೊದಲು ಮುನ್ನೂರು ಅಡಿ ಇತ್ತು, ಆಮೇಲೆ ಐನೂರು, ಈಗ ಒಂಬೈನೂರು, ಪಕ್ಕದ ತೋಟ ಮಾತ್ರ ಯಾಕೆ ನಾನೂರರಲ್ಲೇ ನಿಂತಿದೆ ಅಂತ ತಲೆ ತಿಂತಿದ್ದ. ನಮ್ಮ ಕಡೆ ಅಂಗೈ ಮೇಲೆ ತೆಂಗಿನಕಾಯಿ ಇಟ್ಕೊಂಡು ನಡೆದು, ಕಾಯಿ ಎದ್ದು ನಿಂತ ಜಾಗಕ್ಕೆ ಪಾಯಿಂಟ್ ಮಾಡೋರು ಇದಾರೆ, ಅವರ ಹಿಂದೆ ಬಿದ್ದು ಕೇಳ್ತಿದ್ದ. ನನಗೆ ಅದು ಓದೋ ವಿಷಯ ಅಂತಾನೇ ಗೊತ್ತಿರಲಿಲ್ಲ.

ಬಿಎಸ್ಸಿ ಸೇರಿದ ವರ್ಷ ಒಂದು ಭಾನುವಾರ ನನ್ನನ್ನ ಲಾಲ್‌ಬಾಗಿಗೆ ಕರ್ಕೊಂಡು ಹೋದ. ಹೂವು ತೋರಿಸ್ತಾನೆ ಅಂದ್ಕೊಂಡ್ರೆ ಸೀದಾ ಆ ಬಂಡೆ ಹತ್ರ ನಿಲ್ಲಿಸಿದ, ಕೆಂಪೇಗೌಡರ ಗೋಪುರ ಇದೆಯಲ್ಲ ಅದರ ಕೆಳಗೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಬೋರ್ಡ್ ಹಾಕಿದಾರೆ, ಪೆನಿನ್ಸುಲಾರ್ ನೈಸ್ ಅನ್ನೋ ಕಲ್ಲು, ಸುಮಾರು ಮುನ್ನೂರು ಕೋಟಿ ವರ್ಷ ಹಳೇದಂತೆ. ‘ನಮ್ಮೂರ ಬೋರಲ್ಲಿ ಕೊರೆಯೋದೂ ಇದೇ ಜಾತಿ ಕಲ್ಲು ಅಪ್ಪ, ಕಲ್ಲಿನ ಒಳಗೆ ನೀರಿರಲ್ಲ, ಬಿರುಕಲ್ಲಿ ಮಾತ್ರ ಇರತ್ತೆ, ಬಿರುಕು ಸಿಕ್ಕೋರಿಗೆ ನಾನೂರು ಅಡಿ, ಸಿಗದೋರಿಗೆ ಸಾವಿರ ಅಡಿ ಹೋದ್ರೂ ಧೂಳು’ ಅಂದ. ಜನ ಸೆಲ್ಫಿ ತಗೊಳ್ತಿದ್ರು, ಇವನು ಮಂಡಿಯೂರಿ ಕೂತು ಬಂಡೆ ಮೇಲಿನ ಬಿಳಿ ಪಟ್ಟಿ ಮೇಲೆ ಬೆರಳಾಡಿಸ್ತಾ ಇದ್ದ. ಆ ಮುಖ ನಾನು ಮೂರು ವರ್ಷದಿಂದ ನೋಡಿರಲಿಲ್ಲ. ನಿಜ ಹೇಳ್ಬೇಕು ಅಂದ್ರೆ ಅವತ್ತೂ ನನ್ನ ತಲೆಯಲ್ಲಿ ಓಡ್ತಿದ್ದಿದ್ದು ಇದನ್ನ ಓದಿದ್ರೆ ಸಂಬಳ ಕೊಡೋರು ಯಾರು ಅನ್ನೋದೇ. ಎಂಎಸ್ಸಿ ಮಾಡಿದ್ರೆ ಯುಪಿಎಸ್‌ಸಿಯ ಜಿಯೋ ಸೈಂಟಿಸ್ಟ್ ಪರೀಕ್ಷೆ ಇದೆ, ಅಂತರ್ಜಲ ಇಲಾಖೆ ಇದೆ, ಗಣಿ ಇಲಾಖೆ ಇದೆ ಅಂತಾನೆ. ನೋಡೋಣ. ಪರೀಕ್ಷೆ ಅಂದ್ರೆ ನಂಗೆ ಈಗ್ಲೂ ಎದೆ ಹೊಡ್ಕೊಳ್ಳತ್ತೆ.

ಮಗ ಮಾಡಿದ್ದೇ ಸರಿ, ಎಲ್ಲರೂ ಬಿಟ್ಟುಬಿಡಿ ಅಂತ ನಾನು ಹೇಳ್ತಿಲ್ಲ, ಇದನ್ನ ಒತ್ತಿ ಹೇಳ್ತೀನಿ. ನಮ್ಮ ಬೀದಿಯ ಇನ್ನೊಬ್ಬ ಹುಡುಗ, ಅವನೂ ಇಯರ್ ಬ್ಯಾಕ್ ಆದೋನೇ, ಬಿಡಲಿಲ್ಲ, ಕಚ್ಚಿಕೊಂಡು ಆರು ವರ್ಷಕ್ಕೆ ಮುಗಿಸಿದ, ಈಗ ಒಂದು ಕಂಪನೀಲಿ ಚೆನ್ನಾಗಿದಾನೆ. ಅವನಿಗೆ ಉಳಿದಿದ್ದು ಎರಡೇ ಪೇಪರು, ಜೊತೆಗೆ ಅವನಿಗೆ ಆ ಸಬ್ಜೆಕ್ಟು ಇಷ್ಟ ಇತ್ತು, ಓಡಾಟ ಸಹವಾಸ ಸರಿಯಿರಲಿಲ್ಲ ಅಷ್ಟೆ. ಅವನ ಅಪ್ಪ ‘ಇನ್ನೊಂದೇ ವರ್ಷ’ ಅಂದಿದ್ದು ಅವನ ವಿಷಯದಲ್ಲಿ ನಿಜವಾಗ್ಲೂ ಒಂದೇ ವರ್ಷ. ಪೇಪರ್ ಉಳಿದಿದೆಯೋ ಮನಸ್ಸೇ ಉಳಿದಿಲ್ಲವೋ ಅಂತ ನೋಡ್ದೆ ಇಬ್ಬರಿಗೂ ಒಂದೇ ಮಾತು ಹೇಳೋದು ನಮ್ಮ ತಪ್ಪು. ಯಾವ ಮೋಟಾರಿಗೆ ಬರೀ ಬೇರಿಂಗ್ ಬದಲಾಯಿಸಿದ್ರೆ ಸಾಕು, ಯಾವುದಕ್ಕೆ ಪೂರ್ತಿ ವೈಂಡಿಂಗ್ ಬೇಕು ಅಂತ ಬಿಚ್ಚಿ ನೋಡದೇ ಹೇಳೋ ಮೆಕ್ಯಾನಿಕ್ ಹತ್ರ ನೀವು ಹೋಗ್ತೀರಾ?

ಇನ್ನು ಸೀಟು ಹಾಳು ಅನ್ನೋ ಮಾತು. ಪ್ರಿನ್ಸಿಪಾಲರು ಸಿಟ್ಟು ಮಾಡ್ಕೋಬಾರದು. ನಮ್ಮ ಇಂಜಿನಿಯರಿಂಗ್ ಯೂನಿವರ್ಸಿಟಿಗೆ ಯಾರ ಹೆಸರಿಟ್ಟಿದೀವಿ? ಸರ್ ಎಂ. ವಿಶ್ವೇಶ್ವರಯ್ಯ ಅವರು 1881ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಲ್ಲಿ ಓದಿ ಬಿಎ ಪಾಸು ಮಾಡಿದ್ರು. ಇಂಜಿನಿಯರಿಂಗ್ ಅಲ್ಲ, ಬಿಎ. ಅದಾದ ಮೇಲೆ ಮೈಸೂರು ಸರ್ಕಾರ ಸ್ಕಾಲರ್‌ಶಿಪ್ ಕೊಟ್ಟು ಪುಣೆಗೆ ಕಳಿಸ್ತು, ಅಲ್ಲಿ ಇನ್ನೊಂದು ಕಾಲೇಜಲ್ಲಿ ಇಂಜಿನಿಯರಿಂಗ್ ಶುರು ಮಾಡಿ 1883ರಲ್ಲಿ ಮುಗಿಸಿದ್ರು. ಅವರು ಬಿಎ ಮುಗಿಸೇ ಹೋಗಿದ್ದು, ಅರ್ಧಕ್ಕೆ ಬಿಟ್ಟಿರಲಿಲ್ಲ, ನನಗೆ ಗೊತ್ತು. ನನ್ನ ಮಗನನ್ನ ಅವರಿಗೆ ಹೋಲಿಸೋ ಕೊಬ್ಬೂ ನನಗಿಲ್ಲ. ಆದ್ರೆ ಒಂದು ಓದಾದ ಮೇಲೆ ಇನ್ನೊಂದು ಓದಿಗೆ ಹೋಗ್ತೀನಿ ಅಂದ ಹುಡುಗನಿಗೆ ಅವತ್ತಿನ ಸರ್ಕಾರ ದುಡ್ಡು ಕೊಟ್ಟು ಕಳಿಸ್ತು, ಇವತ್ತು ಅವರ ಹೆಸರಿನ ಯೂನಿವರ್ಸಿಟಿ ಕೆಳಗಿರೋ ಕಾಲೇಜಿಂದ ಒಂದು ಟಿಸಿ ಬಿಡಿಸೋಕೆ ನಾನು ನಾಲ್ಕೈದು ದಿನ ಅಂಗಡಿ ಮುಚ್ಚಿದೆ.

ಮೊನ್ನೆ ದಸರಾ ರಜೆಯಲ್ಲಿ ಮಗ ಊರಿಗೆ ಬಂದಿದ್ದ, ಈಗ ಐದನೇ ಸೆಮ್ಮು, ಈ ಸಲ ಆಗ್ತಿದೆ ಅನ್ನಲ್ಲ, ಮಾರ್ಕ್ಸ್ ಕಾರ್ಡೇ ತಂದು ಮುಂದಿಡ್ತಾನೆ. ಜೊತೆಗೆ ಅವರ ಕಾಲೇಜಿನ ಇನ್ನಿಬ್ಬರು, ಅವರ ಮೇಷ್ಟ್ರು ಒಬ್ರು, ನೆಲದೊಳಗೆ ನೀರು ಹುಡುಕೋ ಒಂದು ರೆಸಿಸ್ಟಿವಿಟಿ ಮೀಟರ್ರು. ನಮ್ಮ ಲಾಯರ್ ಗಿರಾಕಿ ತೋಟದಲ್ಲೇ ಇಟ್ಟು ನೋಡಿದ್ರು. ನಾಲ್ಕು ಕಂಬಿ ಸಾಲಾಗಿ ನೆಲಕ್ಕೆ ಹೊಡೀತಾರೆ, ಹೊರಗಿನ ಎರಡರಿಂದ ಕರೆಂಟ್ ಬಿಡ್ತಾರೆ, ಒಳಗಿನ ಎರಡರ ಮಧ್ಯ ವೋಲ್ಟೇಜ್ ಅಳೀತಾರೆ, ಕಂಬಿ ದೂರ ದೂರ ಮಾಡಿದಷ್ಟೂ ಆಳದ್ದು ಗೊತ್ತಾಗತ್ತೆ, ಒಣ ಕಲ್ಲಿಗೆ ರೆಸಿಸ್ಟೆನ್ಸ್ ಜಾಸ್ತಿ, ನೀರಿರೋ ಬಿರುಕಿಗೆ ಕಮ್ಮಿ. ಒಂದು ಹಂತದಲ್ಲಿ ರೀಡಿಂಗ್ ಅಡ್ಡಾದಿಡ್ಡಿ ಬರೋಕೆ ಶುರುವಾಯ್ತು, ಮೇಷ್ಟ್ರು ಬ್ಯಾಟರಿ ನೋಡಿದ್ರು, ಕೇಬಲ್ ನೋಡಿದ್ರು. ಮಗ ಸುಮ್ನೆ ಸುತ್ತ ನೋಡಿ, ಬೇಲಿ ಪಕ್ಕದ ಟ್ರಾನ್ಸ್‌ಫಾರ್ಮರ್ ಅರ್ತಿಂಗ್ ಇಲ್ಲೇ ಇದೆ ಸಾರ್, ಅದರ ಲೀಕೇಜ್ ಬರ್ತಿರಬಹುದು, ಲೈನನ್ನ ಆ ಕಡೆ ತಿರುಗಿಸೋಣ ಅಂದ. ತಿರುಗಿಸಿದ್ರು, ಸರಿಹೋಯ್ತು. ಮೇಷ್ಟ್ರು ‘ನಿನಗೆ ಇದು ಹೆಂಗೋ ಗೊತ್ತಾಯ್ತು’ ಅಂದ್ರು. ಇವನು ‘ಮೂರು ವರ್ಷ ಇಇಇ ಓದಿದೀನಿ ಸಾರ್’ ಅಂದ. ಅವನು ಬೇರೆಯವರ ಎದುರು ಆ ಮಾತನ್ನ ತಲೆ ಎತ್ತಿ ಹೇಳಿದ್ದು ಅದೇ ಮೊದಲ ಸಲ ನಾನು ಕೇಳಿದ್ದು.

ಆ ಜಾಗದಲ್ಲಿ ಬೋರು ಹಾಕೋದು ಬೇಡ ಅಂತ ಕೊನೆಗೆ ಹೇಳಿದ್ರು. ಲಾಯರು ಕೇಳಲಿಲ್ಲ, ತೆಂಗಿನಕಾಯಿಯೋನು ಹೇಳಿದಾನೆ ಅಂತ ಮುಂದಿನ ತಿಂಗಳು ಕೊರೆಸ್ತಾರಂತೆ. ನೀರು ಬಂದ್ರೆ ಮೋಟಾರ್ ನನ್ನ ಹತ್ರಾನೇ ಬರತ್ತೆ, ಬರದಿದ್ರೆ ಮಗ ಗೆದ್ದ, ನನಗೆ ಎರಡೂ ಕಡೆ ಲಾಭ.

ಕಡೇದಾಗಿ ಒಂದು, ಆ ಕಾಲೇಜಿಗೆ ಸೇರುವಾಗ ಲೈಬ್ರರಿ ಕಾಷನ್ ಡಿಪಾಸಿಟ್ ಅಂತ ಕಟ್ಟಿದ್ದ ದುಡ್ಡು ಟಿಸಿ ಕೊಟ್ಟ ಮೇಲೆ ವಾಪಸ್ ಬರತ್ತೆ ಅಂದಿದ್ರು, ಎರಡು ವರ್ಷ ದಾಟಿತು, ಬಂದಿಲ್ಲ. ನೀವು ಈ ಪತ್ರ ಹಾಕಿದ್ರೆ ಕತ್ತರಿಸಿ ಅದರ ಜೊತೆ ರಸೀತಿ ಜೆರಾಕ್ಸ್ ಸೇರಿಸಿ ಕಳಿಸ್ತೀನಿ, ಈ ಸಲಾನೂ ಇನ್‌ವರ್ಡ್ ಸೀಲ್ ಹಾಕ್ಸಿಕೊಂಡೇ.

ನನ್ನ ಹೆಸರು ಹಾಕಬೇಡಿ, ಮಗ ಬೈತಾನೆ.

ಇಂತಿ,
ಒಬ್ಬ ಓದುಗ
ತಿಪಟೂರು ತಾಲ್ಲೂಕು, ತುಮಕೂರು ಜಿಲ್ಲೆ